ಸಪ್ಲೈಯರ್ ಬದಲಾಯಿಸುವಾಗ ಕೈಯಲ್ಲಿ ದುಡ್ಡು ಉಳಿಸಿಕೊಳ್ಳುವುದು ಹೇಗೆ? ಸಣ್ಣ ಉದ್ಯಮಗಳಿಗೆ ಸಮಗ್ರ ಮಾರ್ಗದರ್ಶಿ

"ಎಣ್ಣೆ ಟಿನ್ನಿಗೆ ನಲವತ್ತು ರೂಪಾಯಿ ಕಮ್ಮಿ ಸಿಕ್ತು, ಬದಲಾಯಿಸಿಬಿಟ್ಟೆ. ಮೂರನೇ ವಾರಕ್ಕೆ ಸಂಬಳ ಕೊಡೋಕೆ ದುಡ್ಡಿಲ್ಲ." ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಒಂದು ಸಲ ನನ್ನ ಬಾಯಿಂದಲೂ ಬಂದಿದೆ. ವ್ಯಾಪಾರ ಚೆನ್ನಾಗಿಯೇ ಇರುತ್ತದೆ, ಲಾಭವೂ ಇರುತ್ತದೆ. ಆದರೂ ಕೈ ಖಾಲಿ.

ಎಲ್ಲರೂ ಎಡವುವುದು ಒಂದೇ ಕಡೆ. ರೇಟು ನೋಡುತ್ತಾರೆ, ಉದ್ರಿ ದಿನಗಳನ್ನು ನೋಡುವುದಿಲ್ಲ. ಅದಕ್ಕೇ ಇಲ್ಲಿ ಕ್ರಮವೇ ಮುಖ್ಯ. ಹಂತ 5 ಮುಗಿಯದೆ ಹಂತ 8ಕ್ಕೆ ಹಾರಬೇಡಿ.

ಉದಾಹರಣೆಗೆ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಮಾಡಿ ಅಂಗಡಿಗಳಿಗೆ ಹಾಕುವ ಒಂದು ಘಟಕ ಇಟ್ಟುಕೊಳ್ಳೋಣ. ಬದಲಾಯಿಸುತ್ತಿರುವುದು ಎಣ್ಣೆ ಡೀಲರನ್ನು. ತಿಂಗಳಿಗೆ 200 ಟಿನ್ನು ಬೇಕು. ಲೆಕ್ಕ ಸುಲಭವಾಗಲಿ ಅಂತ ಟಿನ್ನಿಗೆ 2,000 ರೂ. ಎಂದುಕೊಳ್ಳಿ. ತಿಂಗಳಿಗೆ 4 ಲಕ್ಷ, ವಾರಕ್ಕೆ 1 ಲಕ್ಷ. ಹಳೆಯ ಡೀಲರ್ 30 ದಿನ ಉದ್ರಿ ಕೊಡುತ್ತಾರೆ. ಹೊಸಬರು ಟಿನ್ನಿಗೆ 40 ರೂ. ಕಡಿಮೆಗೆ ಕೊಡುತ್ತಾರೆ, ಆದರೆ ಮೊದಲ ಎರಡು ತಿಂಗಳು ನಗದು, ಆಮೇಲೆ 15 ದಿನ ಉದ್ರಿ. ನಿಮ್ಮದು ಹಾರ್ಡ್‌ವೇರ್ ಅಂಗಡಿಯಾಗಲಿ, ಗಾರ್ಮೆಂಟ್ಸ್ ಆಗಲಿ, ಅಂಕಿ ಬದಲಾಗುತ್ತದೆ ಅಷ್ಟೇ.

## ಶುರು ಮಾಡುವ ಮೊದಲು ಬೇಕಾದವು

ಹಳೆಯ ಡೀಲರ್ ಖಾತೆಯ ಒಂದು ವರ್ಷದ ಲೆಡ್ಜರ್, ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್, ಚೆಕ್ ಬುಕ್‌ನ ಅಡಿಪಟ್ಟಿಗಳು, ಕಳೆದ ಮೂರು ತಿಂಗಳ ಜಿಎಸ್‌ಟಿಆರ್-2ಬಿ (ಸಪ್ಲೈಯರ್‌ಗಳು ನಿಮ್ಮ ಹೆಸರಲ್ಲಿ ಏರಿಸಿದ ಬಿಲ್‌ಗಳ ಪಟ್ಟಿ), ನಿಮಗೆ ಬರಬೇಕಾದ ಬಾಕಿಯ ಪಟ್ಟಿ. ಜೊತೆಗೆ ಒಂದು ಉದ್ದನೆಯ ನೋಟ್‌ಬುಕ್ ಅಥವಾ ಎಕ್ಸೆಲ್ ಶೀಟು. ದುಬಾರಿ ಸಾಫ್ಟ್‌ವೇರ್ ಬೇಡ. ನಾನು ಇವತ್ತಿಗೂ ವಾರದ ಲೆಕ್ಕವನ್ನು ಪೆನ್ಸಿಲ್‌ನಲ್ಲೇ ಬರೆಯುತ್ತೇನೆ. ಯಾಕೆಂದರೆ ಅದು ಬದಲಾಗುತ್ತಲೇ ಇರುತ್ತದೆ.

ಸಮಯವೂ ಸಾಮಾನಿನ ಪಟ್ಟಿಯಲ್ಲೇ ಬರುತ್ತದೆ. ಗೌರಿ-ಗಣೇಶದಿಂದ ದೀಪಾವಳಿವರೆಗೆ ತಿಂಡಿ ಘಟಕದವರು ಈ ಕೆಲಸಕ್ಕೆ ಕೈ ಹಾಕಲೇಬಾರದು. ಆಗ ದುಡ್ಡೆಲ್ಲ ಸ್ಟಾಕಿನಲ್ಲಿ ಮತ್ತು ಅಂಗಡಿಗಳ ಬಾಕಿಯಲ್ಲಿ ಕೂತಿರುತ್ತದೆ. ಮದುವೆ-ಮುಂಜಿ ಇಲ್ಲದ ಆಷಾಢದಂಥ ಸಪ್ಪೆ ತಿಂಗಳು ಒಳ್ಳೆಯದು.

## ಹಂತ 1: ಹಳೆಯ ಖಾತೆ ತಾಳೆ ನೋಡಿ

ಹಳೆಯ ಡೀಲರ್ ಹತ್ತಿರ "ವರ್ಷದ ಲೆಕ್ಕ ತಾಳೆ ನೋಡಬೇಕು, ಲೆಡ್ಜರ್ ಕಳಿಸಿ" ಎಂದು ಕೇಳಿ. ಬದಲಾಯಿಸುವ ಸುದ್ದಿ ಎತ್ತಬೇಡಿ. ಇದು ಯಾವ ವ್ಯಾಪಾರಿಯೂ ಕೇಳುವ ಸಾಮಾನ್ಯ ಮಾತು.

ನಿಮ್ಮ ಪುಸ್ತಕದ ಬಾಕಿ ಮತ್ತು ಅವರ ಪುಸ್ತಕದ ಬಾಕಿ ಒಂದೇ ಇರುವುದು ಅಪರೂಪ. ಸೋರಿದ ಟಿನ್ನು ವಾಪಸ್ ಮಾಡಿದ್ದು, ರೇಟು ಇಳಿದಾಗ ಕೊಡುತ್ತೇನೆಂದ ವ್ಯತ್ಯಾಸದ ಹಣ, ಸ್ಕೀಮಿನ ರಿಯಾಯಿತಿ ಇವೆಲ್ಲ ಬಾಯಿಮಾತಿನಲ್ಲೇ ಉಳಿದಿರುತ್ತವೆ. ಈಗಲೇ ಕ್ರೆಡಿಟ್ ನೋಟ್ (ಅಷ್ಟು ಹಣ ಬಾಕಿಯಲ್ಲಿ ಕಳೆಯುವ ಕಾಗದ) ಬರೆಸಿಕೊಳ್ಳಿ. ವ್ಯಾಪಾರ ನಿಂತ ಮೇಲೆ ಒಂದು ಪೈಸೆಯೂ ಬರುವುದಿಲ್ಲ.

ಆಮೇಲೆ ಚೆಕ್ ಬುಕ್‌ನ ಅಡಿಪಟ್ಟಿ ತಿರುವಿ. ವ್ಯಾಪಾರ ಶುರುವಾದಾಗ ಭದ್ರತೆಗೆ ಅಂತ ಸಹಿ ಹಾಕಿ ಕೊಟ್ಟ ಖಾಲಿ ಚೆಕ್ ಎಲ್ಲಿದೆ? ನಾನು ಒಂದು ಕೊಟ್ಟು ಆರು ವರ್ಷ ಮರೆತಿದ್ದೆ. ಅದು ನೆನಪಾದದ್ದು ಬ್ಯಾಂಕಿನಿಂದ ಫೋನ್ ಬಂದಾಗ. ಬಾಕಿ ಇರುವಾಗ ಅಂಥ ಚೆಕ್ ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಬಾಗಿಲು ಬಡಿಯುತ್ತದೆ. ನೋಟಿಸ್ ಕೈಸೇರಿದ 15 ದಿನದೊಳಗೆ ಹಣ ಕಟ್ಟಬೇಕು, ಇಲ್ಲವೆಂದರೆ ಕೋರ್ಟು. ಚೆಕ್ ನಂಬರ್ ಬರೆದಿಟ್ಟುಕೊಳ್ಳಿ. ಅದನ್ನು ವಾಪಸ್ ಪಡೆಯುವ ಕೆಲಸ ಕೊನೆಯ ಹಂತದಲ್ಲಿದೆ.

## ಹಂತ 2: ಕಳೆದುಕೊಳ್ಳುವ ಉದ್ರಿಗೆ ಬೆಲೆ ಕಟ್ಟಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಓದುವಷ್ಟು ಸಮಯ ಇದ್ದರೆ ಇದನ್ನೇ ಓದಿ.

ಹಳೆಯ ಡೀಲರ್ 30 ದಿನ ಉದ್ರಿ ಕೊಡುತ್ತಾರೆ ಅಂದರೆ ಅವರ 4 ಲಕ್ಷ ರೂಪಾಯಿ ಯಾವಾಗಲೂ ನಿಮ್ಮ ವ್ಯಾಪಾರದಲ್ಲಿ ಓಡುತ್ತಿದೆ. ಒಂದು ಬಿಲ್ ಕಟ್ಟಿದರೆ ಇನ್ನೊಂದು ಬಿಲ್ ಆ ಜಾಗಕ್ಕೆ ಬರುತ್ತದೆ. ಹಾಗಾಗಿ ಅದು ಸಾಲ ಅಂತ ಅನಿಸುವುದೇ ಇಲ್ಲ. ಅವರನ್ನು ಬಿಟ್ಟ ದಿನ ಆ 4 ಲಕ್ಷ ತೀರಿಸಬೇಕು. ಜೊತೆಗೆ ಹೊಸಬರಿಗೆ ನಗದು ಎಣಿಸಬೇಕು.

ಸೂತ್ರ ಸುಲಭ. ದಿನದ ಖರೀದಿಯನ್ನು ಕಡಿಮೆಯಾಗುವ ಉದ್ರಿ ದಿನಗಳಿಂದ ಗುಣಿಸಿ. ನಮ್ಮ ಉದಾಹರಣೆಯಲ್ಲಿ ದಿನಕ್ಕೆ ಸುಮಾರು 13,333 ರೂ. ಮೊದಲ ಎರಡು ತಿಂಗಳು 30 ದಿನದ ಉದ್ರಿ ಪೂರ್ತಿ ಹೋಗುತ್ತದೆ, ಅಂದರೆ 4 ಲಕ್ಷದ ಗುಂಡಿ. ಆಮೇಲೆ 15 ದಿನದ ಉದ್ರಿ ಸಿಕ್ಕರೂ 2 ಲಕ್ಷದ ಗುಂಡಿ ಶಾಶ್ವತ. ಅದು ಮುಚ್ಚುವುದಿಲ್ಲ.

ಈಗ ಉಳಿತಾಯ ನೋಡಿ. 200 ಟಿನ್ನಿಗೆ 40 ರೂ.ನಂತೆ ತಿಂಗಳಿಗೆ 8,000 ರೂ. ಆ 4 ಲಕ್ಷವನ್ನು ಬ್ಯಾಂಕ್ ಓಡಿಯಿಂದ (ಓವರ್‌ಡ್ರಾಫ್ಟ್ ಸಾಲ) ವರ್ಷಕ್ಕೆ ಶೇ. 12ಕ್ಕೆ ತಂದರೆ ತಿಂಗಳ ಬಡ್ಡಿ 4,000. ಕೈಗೆ ಉಳಿಯುವುದು 4,000. ಅದೇ ದುಡ್ಡನ್ನು ನೂರಕ್ಕೆ ಎರಡರಂತೆ ಕೈಸಾಲ ತಂದರೆ ಬಡ್ಡಿ 8,000. ಉಳಿತಾಯ ಸೊನ್ನೆ. ನೂರಕ್ಕೆ ಮೂರರಂತೆ ತಂದರೆ ಪ್ರತಿ ತಿಂಗಳು 4,000 ಕೈಯಿಂದ ಹಾಕಿ ಹೊಸ ಡೀಲರ್ ಜೊತೆ ವ್ಯಾಪಾರ ಮಾಡಿದಂತೆ.

ಎರಡು ತಿಂಗಳ ನಂತರ 15 ದಿನದ ಉದ್ರಿ ನಿಜವಾಗಿಯೂ ಸಿಕ್ಕರೆ ಬಡ್ಡಿ ಅರ್ಧವಾಗುತ್ತದೆ, ಓಡಿ ಇರುವವರಿಗೆ ತಿಂಗಳಿಗೆ 6,000 ಉಳಿಯುತ್ತದೆ. ಇಷ್ಟಕ್ಕೆ ಈ ತಲೆನೋವು ಬೇಕಾ? ಕೆಲವರಿಗೆ ಬೇಕು, ಕೆಲವರಿಗೆ ಬೇಡ. ಹಳೆಯವರ ಮಾಲು ಕೆಟ್ಟಿದ್ದರೆ, ಸಮಯಕ್ಕೆ ಬರದಿದ್ದರೆ ರೇಟು ನೋಡದೆಯೂ ಬದಲಾಯಿಸಬೇಕಾಗುತ್ತದೆ. ಬರೀ ರೇಟಿಗಾಗಿ ಆದರೆ, ಮೊದಲು ಹಳೆಯವರ ಹತ್ತಿರವೇ "ಏಳು ದಿನದಲ್ಲಿ ಕಟ್ಟಿದರೆ ಎಷ್ಟು ಬಿಡುತ್ತೀರಿ?" ಎಂದು ಕೇಳಿ ನೋಡಿ. 30 ದಿನದ ಬದಲು 7 ದಿನಕ್ಕೆ ಕಟ್ಟಿದ್ದಕ್ಕೆ ಶೇ. 2 ಬಿಟ್ಟರೆ, ಅದು ವರ್ಷಕ್ಕೆ ಸುಮಾರು ಶೇ. 32ರ ಬಡ್ಡಿ ಸಂಪಾದಿಸಿದ ಹಾಗೆ. ಎಷ್ಟೋ ಸಲ ಬದಲಾವಣೆಯೇ ಬೇಡವಾಗುತ್ತದೆ.

## ಹಂತ 3: ಬಾಗಿಲಿಗೆ ಬಂದು ಬಿದ್ದ ರೇಟು ಎಷ್ಟು?

ಫೋನಿನಲ್ಲಿ ಹೇಳುವ ರೇಟು ಬೇರೆ, ನಿಮ್ಮ ಗೋಡೌನಿಗೆ ಇಳಿಸಿದಾಗಿನ ರೇಟು ಬೇರೆ. ಬಾಡಿಗೆ, ಹಮಾಲಿ, ಕಡಿಮೆ ತೂಕ, ಒಂದೇ ಸಲ ತರಿಸಬೇಕಾದ ಕನಿಷ್ಠ ಲೋಡು ಎಲ್ಲವನ್ನೂ ಸೇರಿಸಿ. ಕನಿಷ್ಠ ಲೋಡು ದೊಡ್ಡದಾದರೆ ದುಡ್ಡು ಸ್ಟಾಕಿನಲ್ಲಿ ಕೂರುತ್ತದೆ. ವಾರಕ್ಕೆ 50 ಟಿನ್ನು ತರುತ್ತಿದ್ದವರು ಒಂದೇ ಸಲ 150 ತಂದರೆ 2 ಲಕ್ಷ ಹೆಚ್ಚುವರಿಯಾಗಿ ಗೋಡೌನಿನಲ್ಲಿ ಮಲಗಿರುತ್ತದೆ.

ಎಣ್ಣೆಯಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. 15 ಕೆಜಿ ಟಿನ್ನಿನ ರೇಟನ್ನು 15 ಲೀಟರ್ ಟಿನ್ನಿನ ರೇಟಿನ ಜೊತೆ ಹೋಲಿಸುತ್ತಾರೆ. ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಅಂದರೆ 15 ಲೀಟರ್ ಟಿನ್ನಿನಲ್ಲಿ 13.65 ಕೆಜಿ ಅಷ್ಟೇ. ಶೇ. 9ರಷ್ಟು ಕಡಿಮೆ ಮಾಲು! ಶೇ. 2 ಉಳಿಸಲು ಹೋಗಿ ಶೇ. 9 ಕಳೆದುಕೊಂಡವರನ್ನು ನೋಡಿದ್ದೇನೆ.

ಬೇರೆ ಬೇರೆ ದಿನದ ರೇಟುಗಳನ್ನೂ ಹೋಲಿಸಬೇಡಿ. ಇಬ್ಬರ ಹತ್ತಿರವೂ ಒಂದೇ ದಿನ, ಒಂದೇ ಹೊತ್ತಿನಲ್ಲಿ ಕೇಳಿ. ಎಣ್ಣೆ ರೇಟು ಆಮದು ಸುಂಕದ ಜೊತೆ ಕುಣಿಯುತ್ತದೆ. 2024ರ ಸೆಪ್ಟೆಂಬರ್ 14ರಿಂದ ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಗಳ ಮೂಲ ಸುಂಕ ಸೊನ್ನೆಯಿಂದ ಶೇ. 20ಕ್ಕೆ ಏರಿತು. 2025ರ ಮೇ ಕೊನೆಯಲ್ಲಿ ಶೇ. 10ಕ್ಕೆ ಇಳಿಯಿತು. ಅಂಥ ವಾರದಲ್ಲಿ ಸಿಕ್ಕ ಕಡಿಮೆ ರೇಟು ಆ ಡೀಲರ್‌ನ ಒಳ್ಳೆಯತನ ಅಲ್ಲ.

ಇನ್ನೊಂದು ವಿಷಯ. ಎಣ್ಣೆಯ ಜಾತಿ ಬದಲಾದರೆ ಪೌಚ್ ಮೇಲಿನ ಪದಾರ್ಥಗಳ ಪಟ್ಟಿಯೂ ಬದಲಾಗಬೇಕು. ಯಾವ ಎಣ್ಣೆ ಎಂದು ಹೆಸರು ಹಾಕುವುದು ಕಡ್ಡಾಯ. ಪಾಮೋಲಿನ್‌ನಿಂದ ಸೂರ್ಯಕಾಂತಿಗೆ ಹೋದರೆ ಗೋಡೌನಿನಲ್ಲಿರುವ ಹಳೆಯ ಪೌಚ್‌ಗಳ ಕಥೆ ಏನು? ಆ ನಷ್ಟವನ್ನೂ ಈ ಲೆಕ್ಕದಲ್ಲೇ ಬರೆಯಿರಿ. ಪೌಚ್ ಸಪ್ಲೈಯರನ್ನೇ ಬದಲಾಯಿಸುವವರು ಪ್ರಿಂಟಿಂಗ್ ಸಿಲಿಂಡರ್‌ಗಳ ಬಗ್ಗೆ ಕೇಳಿ. ಬಣ್ಣಕ್ಕೊಂದು ಸಿಲಿಂಡರ್, ಅದಕ್ಕೆ ದುಡ್ಡು ಕೊಟ್ಟವರು ನೀವು. ಹಳಬರು ಅದನ್ನು ಕೊಡದಿದ್ದರೆ ಹೊಸದಾಗಿ ಮಾಡಿಸಬೇಕು.

## ಹಂತ 4: ಹೊಸ ಪಾರ್ಟಿಯ ಜಾತಕ ನೋಡಿ

ಜಿಎಸ್‌ಟಿ ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೆಯೇ ಯಾರ ಜಿಎಸ್‌ಟಿ ನಂಬರ್ ಬೇಕಾದರೂ ಹುಡುಕಬಹುದು. ಎರಡು ನಿಮಿಷದ ಕೆಲಸ. ಮೂರು ವಿಷಯ ನೋಡಿ. ನೋಂದಣಿ ಚಾಲ್ತಿಯಲ್ಲಿದೆಯೇ, ಕಾಂಪೊಸಿಷನ್ (ಸಣ್ಣವರಿಗಿರುವ ಸರಳ ಜಿಎಸ್‌ಟಿ ಯೋಜನೆ) ಪಾರ್ಟಿಯೇ, ರಿಟರ್ನ್‌ಗಳನ್ನು ಸಮಯಕ್ಕೆ ಸಲ್ಲಿಸುತ್ತಿದ್ದಾರೆಯೇ. ಕಾಂಪೊಸಿಷನ್‌ನಲ್ಲಿ ಇರುವವರು ತೆರಿಗೆ ಸೇರಿಸಿ ಬಿಲ್ ಮಾಡುವಂತಿಲ್ಲ, ಅವರಿಂದ ನಿಮಗೆ ಇನ್‌ಪುಟ್ ಕ್ರೆಡಿಟ್ (ಖರೀದಿಗೆ ಕೊಟ್ಟ ಜಿಎಸ್‌ಟಿಯನ್ನು ನೀವು ಕಟ್ಟುವ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವುದು) ಸಿಗುವುದಿಲ್ಲ. ರಿಟರ್ನ್ ತಡ ಮಾಡುವವರಿಂದ ಸಿಗುವುದೂ ತಡ. ಅದು ಹಂತ 9ರಲ್ಲಿ ಕಾಡುತ್ತದೆ.

ಆಹಾರ ಪದಾರ್ಥವಾದರೆ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್ ಕೇಳಿ. ಬಿಲ್ಲಿನಲ್ಲಿರುವ ಹೆಸರು, ಬ್ಯಾಂಕ್ ಖಾತೆಯ ಹೆಸರು, ಜಿಎಸ್‌ಟಿ ಹೆಸರು ಮೂರೂ ಒಂದೇ ಇರಬೇಕು. ಇಲ್ಲದಿದ್ದರೆ ಅಲ್ಲಿಗೇ ಬಿಡಿ.

## ಹಂತ 5: ವಾರದ ಪಟ್ಟಿ ಬರೆಯಿರಿ

ತಿಂಗಳ ಲೆಕ್ಕ ಸಾಲದು. ತಿಂಗಳ ಕೊನೆಗೆ ಎಲ್ಲ ಸರಿ ಕಂಡರೂ ಎರಡನೇ ವಾರದಲ್ಲಿ ಮುಳುಗಿರಬಹುದು. ಹಾಗಾಗಿ 13 ವಾರದ ಪಟ್ಟಿ ಮಾಡಿ. ಪ್ರತಿ ವಾರಕ್ಕೆ ನಾಲ್ಕು ಸಾಲು: ಕೈಯಲ್ಲಿರುವುದು, ಬರುವುದು, ಹೋಗುವುದು, ಉಳಿಯುವುದು.

"ಬರುವುದು" ಸಾಲಿನಲ್ಲಿ ಅಂಗಡಿಯವರು ಕೊಡುತ್ತೇನೆಂದ ದಿನವನ್ನು ಬರೆಯಬೇಡಿ. ಕಳೆದ ಮೂರು ತಿಂಗಳಲ್ಲಿ ಅವರು ನಿಜವಾಗಿ ಕೊಟ್ಟ ದಿನ ನೋಡಿ ಬರೆಯಿರಿ. "ಹೋಗುವುದು" ಸಾಲಿನಲ್ಲಿ ಸಂಬಳ, ಬಾಡಿಗೆ, ಕರೆಂಟು, 15ನೇ ತಾರೀಖಿನ ಪಿಎಫ್-ಇಎಸ್‌ಐ, 20ನೇ ತಾರೀಖಿನ ಜಿಎಸ್‌ಟಿ ಮೊದಲೇ ಕೂರಿಸಿ. ಉಳಿದ ಜಾಗದಲ್ಲಿ ಸಪ್ಲೈಯರ್.

ಈಗ ಎರಡು ದಾರಿ ಹೋಲಿಸಿ.

ಮೊದಲ ದಾರಿ, ಒಂದೇ ಏಟಿಗೆ ಬದಲಾಯಿಸುವುದು. ಹಳೆಯವರ ನಾಲ್ಕು ಬಿಲ್ ಬಾಕಿ ಇದೆ, ವಾರಕ್ಕೊಂದರಂತೆ 1 ಲಕ್ಷ ಕಟ್ಟಬೇಕು. ಹೊಸಬರಿಗೆ ವಾರಕ್ಕೆ 1 ಲಕ್ಷ ನಗದು. ನಾಲ್ಕು ವಾರ ಸತತವಾಗಿ ವಾರಕ್ಕೆ 2 ಲಕ್ಷ ಹೊರಗೆ ಹೋಗುತ್ತದೆ. (ಹೊಸಬರ ಶೇ. 2 ಕಡಿತವನ್ನು ಲೆಕ್ಕ ಸರಳವಾಗಲಿ ಅಂತ ಬಿಟ್ಟಿದ್ದೇನೆ.)

ಎರಡನೇ ದಾರಿ, ಮೆಲ್ಲಗೆ ಬದಲಾಯಿಸುವುದು. ಮೊದಲ ಎರಡು ವಾರ ಹೊಸಬರಿಂದ ಕಾಲು ಭಾಗ, ಮುಂದಿನ ಎರಡು ವಾರ ಅರ್ಧ, ಆಮೇಲಿನ ಎರಡು ವಾರ ಮುಕ್ಕಾಲು, 7ನೇ ವಾರದಿಂದ ಪೂರ್ತಿ. ಆಗ ವಾರವಾರ ಎಣ್ಣೆಗೆ ಹೋಗುವ ಹಣ ಹೀಗಿರುತ್ತದೆ:

- ವಾರ 1, 2: ಹಳಬರಿಗೆ 1,00,000 + ಹೊಸಬರಿಗೆ 25,000 = 1,25,000
- ವಾರ 3, 4: 1,00,000 + 50,000 = 1,50,000
- ವಾರ 5, 6: 75,000 + 75,000 = 1,50,000
- ವಾರ 7, 8: 50,000 + 1,00,000 = 1,50,000
- ವಾರ 9, 10: 25,000 + 1,00,000 = 1,25,000
- ವಾರ 11ರಿಂದ: ಹೊಸಬರಿಗೆ ಮಾತ್ರ 1,00,000

ಹೆಚ್ಚುವರಿ ಹಣವನ್ನು ಕೂಡಿ ನೋಡಿ. ಎರಡೂ ದಾರಿಯಲ್ಲಿ 4 ಲಕ್ಷವೇ. ಮೆಲ್ಲಗೆ ಬದಲಾಯಿಸಿದರೆ ಗುಂಡಿ ಚಿಕ್ಕದಾಗುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಆಗುವುದಿಲ್ಲ. ವಾರದ ಹೊಡೆತ 1 ಲಕ್ಷದಿಂದ 50,000ಕ್ಕೆ ಇಳಿಯುತ್ತದೆ, ನಾಲ್ಕು ವಾರದ ಬದಲು ಹತ್ತು ವಾರಕ್ಕೆ ಹರಡುತ್ತದೆ. ಬೋನಸ್ ಏನೆಂದರೆ, 9ನೇ ವಾರದ ಹೊತ್ತಿಗೆ ಹೊಸಬರ 15 ದಿನದ ಉದ್ರಿ ಶುರುವಾದರೆ ಎರಡು ವಾರ ಅವರಿಗೆ ಕಟ್ಟುವುದೇ ಇರುವುದಿಲ್ಲ.

ಪಟ್ಟಿಯಲ್ಲಿ ಯಾವುದಾದರೂ ವಾರ "ಉಳಿಯುವುದು" ಸಾಲು ಒಂದು ವಾರದ ಸಂಬಳ-ಬಾಡಿಗೆ ಖರ್ಚಿಗಿಂತ ಕೆಳಗೆ ಇಳಿದರೆ ನಿಲ್ಲಿಸಿ. ಹಂತ 6 ಮುಗಿಸಿ ಮತ್ತೆ ಬರೆಯಿರಿ.

## ಹಂತ 6: ದುಡ್ಡು ಹೊಂದಿಸುವ ಕ್ರಮ

ಮೊದಲು ಬರಬೇಕಾದ ಬಾಕಿ ಎತ್ತಿ. ಹಳೆಯ ಬಾಕಿದಾರರ ಹತ್ತಿರ ಸುಮ್ನೆ ಒಂದು ಸುತ್ತು ಹೋಗಿ ಬಂದರೆ ಸಾಕು, ಒಂದಷ್ಟು ಬರುತ್ತದೆ. ಎರಡು ವಾರ ಮೊದಲೇ ಕಟ್ಟುವವರಿಗೆ ಶೇ. 1 ಬಿಡಬಹುದು, ಆದರೆ ಅದು ವರ್ಷಕ್ಕೆ ಸುಮಾರು ಶೇ. 26ರ ಬಡ್ಡಿ ಕೊಟ್ಟಂತೆ. ಬೇಕಾದಷ್ಟಕ್ಕೆ ಮಾತ್ರ ಬಿಡಿ.

ದೊಡ್ಡ ಕಂಪನಿಗಳಿಗೆ ಮಾಲು ಹಾಕುವವರಿಗೆ ಟ್ರೆಡ್ಸ್ ಇದೆ. ಆರ್‌ಎಕ್ಸ್‌ಐಎಲ್, ಎಂ1ಎಕ್ಸ್‌ಚೇಂಜ್, ಇನ್‌ವಾಯ್ಸ್‌ಮಾರ್ಟ್ ಅಂಥ ವೇದಿಕೆಗಳು. ಕಂಪನಿ ಒಪ್ಪಿದ ಬಿಲ್ ಮೇಲೆ ಬ್ಯಾಂಕು ಮೊದಲೇ ಹಣ ಕೊಡುತ್ತದೆ. 250 ಕೋಟಿ ರೂ.ಗಿಂತ ಹೆಚ್ಚು ವಹಿವಾಟಿನ ಕಂಪನಿಗಳು 2025ರ ಮಾರ್ಚ್ 31ರೊಳಗೆ ಇದರಲ್ಲಿ ನೋಂದಾಯಿಸಬೇಕೆಂದು ನಿಯಮವಾಗಿತ್ತು. ಹಾಗಾಗಿ ಕೇಳಲು ಸಂಕೋಚ ಬೇಡ.

ಆಮೇಲೆ ಬ್ಯಾಂಕ್. ಇಲ್ಲಿ ಹೆಚ್ಚಿನವರು ಗಮನಿಸದ ಒಂದು ಅನುಕೂಲ ಇದೆ. ಸಿಸಿ (ಕ್ಯಾಶ್ ಕ್ರೆಡಿಟ್) ಲಿಮಿಟ್ ಇರುವವರಿಗೆ ಬ್ಯಾಂಕು ಡ್ರಾಯಿಂಗ್ ಪವರ್ (ಎಷ್ಟು ಹಣ ತೆಗೆಯಬಹುದು ಎಂಬುದು) ಲೆಕ್ಕ ಹಾಕುವಾಗ ಸ್ಟಾಕಿನಿಂದ ಸಪ್ಲೈಯರ್ ಬಾಕಿಯನ್ನು ಕಳೆಯುತ್ತದೆ. ನಿಮ್ಮ ಸ್ಟಾಕು 5 ಲಕ್ಷ, ಸಪ್ಲೈಯರ್ ಬಾಕಿ 4 ಲಕ್ಷ ಇದ್ದರೆ ಲೆಕ್ಕಕ್ಕೆ ಸಿಗುವುದು 1 ಲಕ್ಷ. ಶೇ. 25 ಮಾರ್ಜಿನ್ (ನೀವೇ ಹಾಕಬೇಕಾದ ಪಾಲು) ಹೋದರೆ 75,000. ಹಳೆಯ ಬಾಕಿ ಪೂರ್ತಿ ತೀರಿದ ಮೇಲೆ ಅದೇ ಸ್ಟಾಕಿಗೆ 3.75 ಲಕ್ಷ ಸಿಗುತ್ತದೆ. ಆದರೆ ಎರಡು ಷರತ್ತು. ಮಂಜೂರಾದ ಲಿಮಿಟ್ ಒಳಗೇ ಇರಬೇಕು, ಸ್ಟಾಕ್ ಸ್ಟೇಟ್‌ಮೆಂಟ್ ತಿಂಗಳು ತಿಂಗಳು ಕೊಟ್ಟಿರಬೇಕು. ಮಾರ್ಜಿನ್ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ ಇರುತ್ತದೆ. ಬದಲಾಯಿಸುವ ಒಂದು ತಿಂಗಳ ಮೊದಲೇ ಮ್ಯಾನೇಜರ್ ಹತ್ತಿರ ಕೂತು ಮಾತಾಡಿ. ದುಡ್ಡು ಖಾಲಿಯಾದ ಮೇಲೆ ಹೋದರೆ ಮುಖ ನೋಡಿಯೇ ಅವರಿಗೆ ಗೊತ್ತಾಗುತ್ತದೆ.

ಯಾವ ಕಾರಣಕ್ಕೂ ಮುಟ್ಟಬಾರದ ದುಡ್ಡು: ಜಿಎಸ್‌ಟಿಗೆ ಎತ್ತಿಟ್ಟದ್ದು ಮತ್ತು ಕೆಲಸದವರ ಪಿಎಫ್. ಜಿಎಸ್‌ಟಿ ತಡವಾದರೆ ವರ್ಷಕ್ಕೆ ಶೇ. 18ರಂತೆ ಬಡ್ಡಿ, ಮೇಲೆ ಲೇಟ್ ಫೀ. ದಿನದ ಕಲೆಕ್ಷನ್ ಬಡ್ಡಿಯವರ ಹತ್ತಿರ ಹೋಗುವ ಪರಿಸ್ಥಿತಿ ಬಂದರೆ ಸಪ್ಲೈಯರ್ ಬದಲಾವಣೆಯನ್ನೇ ಮುಂದೂಡಿ.

## ಹಂತ 7: ಹೊಸಬರ ಜೊತೆ ಷರತ್ತು ಬರೆಸಿಕೊಳ್ಳಿ

"ಎರಡು ತಿಂಗಳು ಆಗಲಿ, ಆಮೇಲೆ ನೋಡೋಣ" ಎನ್ನುವುದು ಉದ್ರಿ ಅಲ್ಲ. ಯಾವ ತಾರೀಖಿನಿಂದ, ಎಷ್ಟು ದಿನ, ಎಷ್ಟು ಮೊತ್ತದವರೆಗೆ ಎಂದು ಬರೆಸಿಕೊಳ್ಳಿ. ಇಮೇಲ್ ಆದರೂ ಸಾಕು, ವಾಟ್ಸಾಪ್ ಆದರೂ ಸರಿ. ರೇಟು ಎಷ್ಟು ದಿನಕ್ಕೆ ಖಾತ್ರಿ, ಸೋರಿದ ಟಿನ್ನಿಗೆ ಏನು, ತಡವಾದರೆ ಏನು ಎಂಬುದೂ ಬರಲಿ.

ಅಡ್ವಾನ್ಸ್ ಕೇಳಿದರೆ ಒಂದು ಲೋಡಿಗೆ ಮಾತ್ರ. ಮೂರು ಲೋಡಿನ ಅಡ್ವಾನ್ಸ್ ಕೊಟ್ಟರೆ ಕಡಿಮೆ ರೇಟು ಎಂಬ ಮಾತಿಗೆ ಮರುಳಾಗಬೇಡಿ. ಆಗ ಉದ್ರಿ ಕೊಡುತ್ತಿರುವವರು ನೀವೇ ಆಗಿಬಿಡುತ್ತೀರಿ, ಅಲ್ವಾ?

ಉದ್ರಿ ದಿನ ಹೆಚ್ಚು ಕೇಳುವಾಗ ಒಂದು ಕಾನೂನು ನೆನಪಿರಲಿ. ಹೊಸ ಸಪ್ಲೈಯರ್ ತಾವೇ ತಯಾರಿಸಿ ಮಾರುವ, ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಅಥವಾ ಸಣ್ಣ ಘಟಕವಾದರೆ, ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ, ಇದ್ದರೂ ಗರಿಷ್ಠ 45 ದಿನದೊಳಗೆ ಹಣ ಕೊಡಬೇಕು. 2023-24ರ ಲೆಕ್ಕ ವರ್ಷದಿಂದ, ಈ ಅವಧಿ ಮೀರಿ ಮಾರ್ಚ್ 31ಕ್ಕೂ ಬಾಕಿ ಉಳಿದ ಮೊತ್ತವನ್ನು ಆ ವರ್ಷದ ಖರ್ಚಾಗಿ ಆದಾಯ ತೆರಿಗೆಯಲ್ಲಿ ಒಪ್ಪುವುದಿಲ್ಲ. ಕಟ್ಟಿದ ವರ್ಷದಲ್ಲಿ ಮಾತ್ರ ಸಿಗುತ್ತದೆ. ಬರೀ ತಂದು ಮಾರುವ ವ್ಯಾಪಾರಿಗಳಿಗೆ ಈ ನಿಯಮ ಇಲ್ಲ. ಫೆಬ್ರವರಿ-ಮಾರ್ಚ್‌ನಲ್ಲಿ ಬದಲಾಯಿಸುವವರು ನಿಮ್ಮ ಆಡಿಟರ್ ಹತ್ತಿರ ಈ ಒಂದು ಪ್ರಶ್ನೆ ಕೇಳಿಯೇ ಮುಂದೆ ಹೋಗಿ.

## ಹಂತ 8: ಮೊದಲ ಲೋಡು, ಆಮೇಲೆ ಹಳಬರಿಗೆ ಮಾತು

ಕ್ರಮ ತಿರುಗಿಸಬೇಡಿ. ನಾನು ತಿರುಗಿಸಿದ್ದೆ. ಹೊಸ ಲೋಡು ಬರುವ ಮೊದಲೇ ಹಳೆಯ ಡೀಲರ್‌ಗೆ "ಇನ್ಮುಂದೆ ಬೇರೆ ಕಡೆ ನೋಡ್ತಿದ್ದೀನಿ" ಎಂದುಬಿಟ್ಟೆ. ಮರುದಿನವೇ ಮಾಲು ನಿಂತಿತು, ಪೂರ್ತಿ ಬಾಕಿಗೆ ಫೋನ್ ಬಂತು. ಹೊಸಬರ ಲಾರಿ ನಾಲ್ಕು ದಿನ ತಡ. ಆ ನಾಲ್ಕು ದಿನ ಪಕ್ಕದ ಅಂಗಡಿಯಿಂದ ಚಿಲ್ಲರೆ ರೇಟಿಗೆ ನಗದು ಕೊಟ್ಟು ಟಿನ್ನು ತಂದೆ. ಒಂದು ವರ್ಷದ ಉಳಿತಾಯ ಅಲ್ಲೇ ಹೋಯಿತು.

ಹಾಗಾಗಿ ಮೊದಲು ಹೊಸಬರಿಂದ ಸಣ್ಣ ಲೋಡು ತರಿಸಿ. ಟಿನ್ನು ತೂಗಿ. ನೂರು ಕೆಜಿ ಮಾಲಿಗೆ ಎಷ್ಟು ಕೆಜಿ ಎಣ್ಣೆ ಹಿಡಿಯಿತು ಎಂದು ಬರೆಯಿರಿ. ಬೇಗ ನೊರೆ ಬಂದರೆ, ಬೇಗ ಕಪ್ಪಾದರೆ ರೇಟು ಕಡಿಮೆ ಇದ್ದರೂ ಖರ್ಚು ಜಾಸ್ತಿ. ಕರಿದ ಎಣ್ಣೆಯಲ್ಲಿ ಟೋಟಲ್ ಪೋಲಾರ್ ಕಾಂಪೌಂಡ್ (ಮತ್ತೆ ಮತ್ತೆ ಕಾಯಿಸಿದಾಗ ಹುಟ್ಟುವ ಹಾಳು ಅಂಶ) ಶೇ. 25 ಮೀರಿದರೆ ಬಳಸುವಂತಿಲ್ಲ ಎಂಬ ನಿಯಮ 2018ರ ಜುಲೈ 1ರಿಂದ ಇದೆ. ಕಳಪೆ ಎಣ್ಣೆ ಆ ಗೆರೆಯನ್ನು ಬೇಗ ಮುಟ್ಟುತ್ತದೆ.

ಎರಡು ಲೋಡು ಸರಿ ಬಂದ ಮೇಲೆ ಹಳಬರ ಹತ್ತಿರ ಖುದ್ದಾಗಿ ಹೋಗಿ. ಫೋನಿನಲ್ಲಿ ಬೇಡ. ಖಾತೆ ತಾಳೆಯಾದ ಕಾಗದ ಕೈಯಲ್ಲಿರಲಿ, ಯಾವ ತಾರೀಖಿಗೆ ಎಷ್ಟು ಕೊಡುತ್ತೇನೆ ಎಂಬ ಪಟ್ಟಿಯೂ ಇರಲಿ. "ಸ್ವಲ್ಪ ಮಾಲು ಬೇರೆ ಕಡೆಯಿಂದ ತರುತ್ತಿದ್ದೇನೆ, ನಿಮ್ಮ ಬಾಕಿ ಹೀಗೆ ತೀರಿಸುತ್ತೇನೆ" ಎಂದರೆ ಬಹುತೇಕರು ಒಪ್ಪುತ್ತಾರೆ. ಡೀಲರ್‌ಗೆ ನೀವು ಹೋಗುವುದಕ್ಕಿಂತ ಅವರ ದುಡ್ಡು ಹೋಗುವ ಭಯವೇ ದೊಡ್ಡದು. ಕೊಟ್ಟ ಮೊದಲ ತಾರೀಖನ್ನು ಒಂದು ದಿನ ಮೊದಲೇ ಪಾಲಿಸಿ.

ಬಾಕಿಯನ್ನು ಬ್ಯಾಂಕ್ ಮೂಲಕವೇ ಕಟ್ಟಿ. ಒಬ್ಬರಿಗೆ ಒಂದೇ ದಿನ 10,000 ರೂ. ಮೀರಿ ನಗದು ಕೊಟ್ಟ ಖರ್ಚನ್ನು ಆದಾಯ ತೆರಿಗೆ ಲೆಕ್ಕದಲ್ಲಿ ಒಪ್ಪುವುದಿಲ್ಲ.

## ಹಂತ 9: ಜಿಎಸ್‌ಟಿ ದುಡ್ಡು ಎಲ್ಲಿ ಸಿಕ್ಕಿಕೊಳ್ಳುತ್ತದೆ

ಅಡ್ವಾನ್ಸ್ ಕೊಟ್ಟ ಮಾತ್ರಕ್ಕೆ ಇನ್‌ಪುಟ್ ಕ್ರೆಡಿಟ್ ಬರುವುದಿಲ್ಲ. ಮಾಲು ಬರಬೇಕು, ಬಿಲ್ ಬರಬೇಕು, ಆ ಬಿಲ್ ನಿಮ್ಮ 2ಬಿಯಲ್ಲಿ ಕಾಣಬೇಕು. 2ಬಿ ತಯಾರಾಗುವುದು ಮುಂದಿನ ತಿಂಗಳ 14ನೇ ತಾರೀಖು.

ಎಣ್ಣೆಗೆ ಶೇ. 5, ಅಷ್ಟು ಕಾಡುವುದಿಲ್ಲ. ಶೇ. 18 ಇರುವ ಪ್ಲಾಸ್ಟಿಕ್ ಪೌಚ್‌ನಂಥ ಮಾಲಿನಲ್ಲಿ ಹೊಡೆತ ಗೊತ್ತಾಗುತ್ತದೆ. ಏಪ್ರಿಲ್ 5ರಂದು 2 ಲಕ್ಷದ ಪೌಚ್ ತಂದಿರಿ, ತೆರಿಗೆ 36,000. ಸಪ್ಲೈಯರ್ ತಿಂಗಳ ರಿಟರ್ನ್ ಹಾಕುವವರಾದರೆ ಮೇ 14ಕ್ಕೆ ಕಾಣುತ್ತದೆ, ಮೇ 20ರ ರಿಟರ್ನ್‌ನಲ್ಲಿ ಬಳಸಬಹುದು. ಮೂರು ತಿಂಗಳಿಗೊಮ್ಮೆ ಹಾಕುವವರಾದರೆ, ಮೊದಲ ಎರಡು ತಿಂಗಳಲ್ಲಿ ಐಎಫ್‌ಎಫ್ (ತಿಂಗಳಿಗೊಮ್ಮೆ ಬಿಲ್ ಏರಿಸುವ ಸೌಲಭ್ಯ) ಮೂಲಕ ಬಿಲ್ ಏರಿಸದಿದ್ದರೆ, ಅದು ಕಾಣುವುದು ಜುಲೈ 14ಕ್ಕೆ. ಎರಡು ತಿಂಗಳು 36,000 ಸುಮ್ಮನೆ ಕೂತಿತು. 5 ಕೋಟಿವರೆಗೆ ವಹಿವಾಟು ಇರುವವರು ಮೂರು ತಿಂಗಳ ದಾರಿ ಹಿಡಿಯಬಹುದು. ಹೊಸಬರ ಹತ್ತಿರ "ಐಎಫ್‌ಎಫ್ ಹಾಕ್ತೀರಾ?" ಎಂದು ಮೊದಲೇ ಕೇಳಿ.

ಹಳಬರ ಕಡೆಯಿಂದಲೂ ಒಂದು ಕುಣಿಕೆ ಇದೆ. ಜಗಳವಾಗಿ ಒಂದು ಬಿಲ್ ಕಟ್ಟದೆ ಬಿಟ್ಟಿರಿ ಎಂದುಕೊಳ್ಳಿ. ಬಿಲ್ ತಾರೀಖಿನಿಂದ 180 ದಿನ ದಾಟಿದರೆ ಆ ಬಿಲ್ ಮೇಲೆ ತೆಗೆದುಕೊಂಡ ಕ್ರೆಡಿಟ್ಟನ್ನು ಬಡ್ಡಿ ಸಮೇತ ವಾಪಸ್ ಮಾಡಬೇಕು. ಕಟ್ಟಿದ ಮೇಲೆ ಮತ್ತೆ ಪಡೆಯಬಹುದು. ವಿವಾದದ ಬಿಲ್‌ಗಳನ್ನು ಕ್ಯಾಲೆಂಡರ್‌ನಲ್ಲಿ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ.

## ಅಪಾಯದ ಸೂಚನೆಗಳು

ಮೊದಲ ಎರಡು ತಿಂಗಳಲ್ಲಿ ಇವು ಕಂಡರೆ ಮುಂದಿನ ಲೋಡು ನಿಲ್ಲಿಸಿ:

- "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ನಂಬರಿಗೆ ಹಾಕಿ" ಎಂಬ ಮೆಸೇಜು. ಇದು ಮೋಸಗಾರರ ಹಳೆಯ ಆಟ. ನಿಮ್ಮ ಹತ್ತಿರ ಮೊದಲಿಂದ ಇರುವ ನಂಬರಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳುವವರೆಗೆ ಒಂದು ರೂಪಾಯಿ ಹಾಕಬೇಡಿ.
- ಬಿಲ್ ಒಂದು ಹೆಸರಲ್ಲಿ, ಹಣ ಇನ್ನೊಬ್ಬರ ಸ್ವಂತ ಖಾತೆಗೆ.
- ಎರಡನೇ ತಿಂಗಳ 2ಬಿಯಲ್ಲಿ ಅವರ ಬಿಲ್ ಇಲ್ಲ.
- ಮೊದಲ ಲೋಡಿನ ತೂಕ ಸರಿ, ಮೂರನೆಯದು ಕಡಿಮೆ.
- ಉದ್ರಿ ಶುರುವಾಗಬೇಕಾದ ವಾರವೇ ರೇಟು ಏರಿಸಿದರು. ಉದ್ರಿಯ ಬಡ್ಡಿಯನ್ನು ರೇಟಿನಲ್ಲಿ ಸೇರಿಸಿದ್ದಾರೆ ಅಂತ ಅರ್ಥ. ಹಂತ 2ರ ಲೆಕ್ಕ ಮತ್ತೆ ಹಾಕಿ.

ನಿಮ್ಮ ಕಡೆಯ ಸೂಚನೆ ಒಂದೇ. ಪಟ್ಟಿಯ "ಉಳಿಯುವುದು" ಸಾಲು ಸತತ ಎರಡು ವಾರ ನೀವು ಬರೆದಿದ್ದಕ್ಕಿಂತ ಕಡಿಮೆ ಬಂದರೆ, ಹೊಸಬರ ಪಾಲನ್ನು ಏರಿಸದೆ ಇದ್ದಲ್ಲೇ ನಿಲ್ಲಿ. ಅರ್ಧ-ಅರ್ಧದಲ್ಲೇ ಒಂದು ತಿಂಗಳು ಹೆಚ್ಚು ನಡೆದರೆ ಏನೂ ಮುಳುಗುವುದಿಲ್ಲ.

## ಹಂತ 10: ಹಳೆಯ ಖಾತೆ ಮುಚ್ಚುವುದು, ಅಥವಾ ಮುಚ್ಚದಿರುವುದು

ಕೊನೆಯ ಬಿಲ್ ಕಟ್ಟಿದ ದಿನವೇ "ಬಾಕಿ ಇಲ್ಲ" ಎಂದು ಸಹಿ, ಸೀಲಿನ ಸಮೇತ ಬರೆಸಿಕೊಳ್ಳಿ. ಹಂತ 1ರಲ್ಲಿ ಬರೆದಿಟ್ಟ ನಂಬರಿನ ಚೆಕ್ ವಾಪಸ್ ತೆಗೆದುಕೊಂಡು ಅಲ್ಲೇ ಹರಿಯಿರಿ. ಕಳೆದುಹೋಗಿದೆ ಎಂದರೆ ಹಾಗೆಂದು ಅವರಿಂದ ಬರೆಸಿಕೊಂಡು, ಅದೇ ದಿನ ಬ್ಯಾಂಕಿಗೆ ಸ್ಟಾಪ್ ಪೇಮೆಂಟ್ ಕೊಡಿ.

ನಾನು ಮಾತ್ರ ಪೂರ್ತಿ ಮುಚ್ಚುವುದಿಲ್ಲ. ಹಳಬರಿಂದ ತಿಂಗಳಿಗೆ ಹತ್ತಿಪ್ಪತ್ತು ಟಿನ್ನು ತರುತ್ತಲೇ ಇರುತ್ತೇನೆ. ಅಷ್ಟಕ್ಕೆ ಟಿನ್ನಿಗೆ 40 ರೂ. ಹೆಚ್ಚು ಕೊಟ್ಟರೆ ತಿಂಗಳಿಗೆ 400ರಿಂದ 800 ರೂ. ಹೋಗುತ್ತದೆ. ಗಣೇಶನ ಹಬ್ಬದ ಹಿಂದಿನ ವಾರ ಹೊಸಬರ ಲಾರಿ ಎಲ್ಲೋ ಕೆಟ್ಟು ನಿಂತಾಗ, ಒಂದೇ ಫೋನಿಗೆ ಮಾಲು ಕಳಿಸಿದವರು ಆ ಹಳೆಯ ಡೀಲರೇ. ಅದೂ 30 ದಿನದ ಉದ್ರಿಗೆ.